ಆಕ್ಸಲ್ ಬೂಟು ಪದೇ ಪದೇ ಹರಿಯುತ್ತಿದೆಯಾ? ಮೊದಲು ಹಳೆಯದನ್ನು ನೋಡಿ

ಟ್ರ್ಯಾಕ್‌ನಲ್ಲಿ ಓಡಿಸುವ ಕಾರಿನ ಆಕ್ಸಲ್ ಬೂಟು ಒಂದು ಸಲ ಹರಿದರೆ ರಬ್ಬರು ಹಳೆಯದಾಗಿತ್ತು ಅನ್ನಬಹುದು. (ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ಕಂಬಿ ಆಕ್ಸಲ್. ಅದರ ಎರಡೂ ತುದಿಯ ಬಾಗುವ ಸಿವಿ ಜಾಯಿಂಟಿನ ಗ್ರೀಸು ಹೊರಬರದ ಹಾಗೆ ಮುಚ್ಚುವ, ಮಡಿಕೆ ಮಡಿಕೆಯ ರಬ್ಬರು ಚೀಲವೇ ಬೂಟು.) ಅದೇ ಜಾಗದಲ್ಲಿ ಮತ್ತೆ ಮತ್ತೆ ಹರಿದರೆ ತಪ್ಪು ಬೂಟಿನದಲ್ಲ. ಆದರೂ ಬೆಳಗಾವಿಯ ಉದ್ಯಮಬಾಗದ ನನ್ನ ಗ್ಯಾರೇಜಿಗೆ ಬರುವ ಹುಡುಗರದ್ದು ಒಂದೇ ಮಾತು: "ಅಣ್ಣಾರ, ಹೊಸಾದೊಂದು ಹಾಕಿ ಕೊಡ್ರಿ, ಮುಂದಿನ ವಾರ ಟ್ರ್ಯಾಕ್ ಐತಿ." ಹಾಕೋದೇನು ದೊಡ್ಡ ಕೆಲಸವಲ್ಲ, ಕಾರಣ ಹುಡುಕದಿದ್ದರೆ ಅದೂ ಹರಿಯುತ್ತದೆ. ಬೆಳಗಾವಿ ಪಕ್ಕದ 48ನೇ ಹೆದ್ದಾರಿ ಹಿಡಿದರೆ ಅದೇ ರಸ್ತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ತನಕ ಒಯ್ಯುತ್ತದೆ. ಅಷ್ಟು ದೂರ ಹೋಗಿ, ಮಧ್ಯಾಹ್ನದೊಳಗೆ ಕಾರನ್ನು ಬದಿಗೆ ನಿಲ್ಲಿಸಿ ಕೂರಬೇಕಾದರೆ ಯಾರಿಗೆ ಬೇಕು?

ಗ್ರೀಸು ಎಲ್ಲಿ ಸಿಡಿದಿದೆ ಅನ್ನೋದನ್ನು ಒರೆಸುವ ಮುಂಚೆ ನೋಡಿಕೊಳ್ಳಿ. ಚಕ್ರದ ಒಳಬದಿಯಲ್ಲಿ ಉಂಗುರದ ಹಾಗೆ ಬಿದ್ದಿದ್ದರೆ ಹೊರಗಿನ ಬೂಟು. ಗೇರ್‌ಬಾಕ್ಸ್, ಸೈಲೆನ್ಸರ್ ಪೈಪಿನ ಮೇಲೆ ಬಿದ್ದಿದ್ದರೆ ಒಳಗಿನದು. ಎಂಜಿನ್ ಹಿಂದೆ ಅಥವಾ ನಡುವೆ ಇರುವ ಕಾರುಗಳಲ್ಲಿ ಹೆಚ್ಚಾಗಿ ಹೋಗುವುದು ಒಳಗಿನದೇ, ಯಾಕಂದರೆ ಎಕ್ಸಾಸ್ಟ್ ಪೈಪು ಅದರ ಪಕ್ಕದಲ್ಲೇ ಹಾದಿರುತ್ತದೆ.

ಈಗ ಹರಿದ ಬೂಟನ್ನು ಸೀಮೆಎಣ್ಣೆ ಹಾಕದೆ ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿಯಿರಿ. ಉಗುರಿನಿಂದ ಒತ್ತಿ. ರಬ್ಬರು ಗಟ್ಟಿಯಾಗಿ, ಮೇಲೆ ಹೊಳಪು ಬಂದು, ಮಡಚಿದರೆ ಸಣ್ಣ ಬಿರುಕು ಬಿಡುತ್ತಿದ್ದರೆ ಅದು ಬೆಂದಿದೆ. ಆ ಗಟ್ಟಿತನ ಸುತ್ತಲೂ ಇದೆಯಾ, ಒಂದೇ ಕಡೆ ಇದೆಯಾ? ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕಾರು ಓಡುವಾಗ ಆಕ್ಸಲ್ ತಿರುಗುತ್ತಲೇ ಇರುತ್ತದೆ, ಪೈಪಿನ ಕಾವು ಬೂಟಿನ ಸುತ್ತಲೂ ಹಂಚಿ ಹೋಗುತ್ತದೆ. ಹಾಗಾಗಿ ಸುತ್ತಲೂ ಬೆಂದಿದ್ದರೆ ಓಡುವಾಗಲೇ ಬಿಸಿ ಜಾಸ್ತಿ. ಒಂದೇ ಕಡೆ ಅಂಗೈಯಷ್ಟು ಜಾಗ ಬೆಂದು ಉಳಿದದ್ದು ಮೆತ್ತಗಿದ್ದರೆ, ಅದು ಹಾಳಾದದ್ದು ನಿಂತ ಮೇಲೆ. ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ) ಬಂದು ಎಂಜಿನ್ ಆಫ್ ಮಾಡಿದಾಗ ಗಾಳಿ ನಿಂತಿತು, ಆದರೆ ಪೈಪು ಕೆಂಡದಂತೆ ಹಾಗೇ ಇದೆ. ಅದಕ್ಕೆ ಎದುರಾಗಿ ನಿಂತ ಭಾಗ ಸುಮ್ನೆ ಸುಡುತ್ತಾ ಇರುತ್ತದೆ.

ನಿಂತ ಮೇಲಿನ ಬಿಸಿಗೆ ಖರ್ಚೇ ಇಲ್ಲದ ಮದ್ದಿದೆ. ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕು ಹೆಚ್ಚು ಒತ್ತದೆ ಮುಗಿಸಿ. ನಿಲ್ಲಿಸಿ ಎರಡು ಮೂರು ನಿಮಿಷಕ್ಕೊಮ್ಮೆ ಚಕ್ರ ಅರ್ಧ ಸುತ್ತು ತಿರುಗುವಷ್ಟು ಕಾರನ್ನು ತಳ್ಳಿ. ಪಿಟ್‌ನಲ್ಲಿ ಜನ ನಗುತ್ತಾರೆ, ನಗಲಿ ಬಿಡಿ.

ಓಡುವಾಗಿನ ಬಿಸಿಯಾದರೆ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಬಿಸಿ ಮುಟ್ಟಿದರೆ ಬಣ್ಣ ಬದಲಾಗಿ ಹಾಗೇ ಉಳಿಯುವ ಟೆಂಪರೇಚರ್ ಸ್ಟಿಕರ್ ಸಿಗುತ್ತದೆ. ಎಡ, ಬಲ ಎರಡೂ ಒಳ ಜಾಯಿಂಟಿನ ಲೋಹದ ಮೇಲೆ ಒಂದೊಂದು, ಪೈಪಿನ ಕಡೆಗಿರುವ ಬ್ರಾಕೆಟ್ ಮೇಲೆ ಇನ್ನೊಂದು ಅಂಟಿಸಿ. ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ಅಲ್ಲಿ ಕಪ್ಪು ಮ್ಯಾಟ್ ಪೇಂಟ್ ಬಳಿದು ನೋಡಿ. ಬ್ರಾಕೆಟ್ ಜಾಸ್ತಿ ಬಿಸಿಯಾಗಿದ್ದರೆ ಪೈಪಿನ ಕಾವು. ಒಂದು ಬದಿಯ ಜಾಯಿಂಟ್ ಮಾತ್ರ ಇನ್ನೊಂದಕ್ಕಿಂತ ಬಿಸಿ ಅಂದರೆ ಜಾಯಿಂಟೇ ಒಳಗಿಂದ ಬೇಯಿಸುತ್ತಿದೆ. ಬಿಚ್ಚಿ ನೋಡಿ: ಗ್ರೀಸು ಸುಟ್ಟ ವಾಸನೆ ಬರುತ್ತದೆ, ಬಾಲ್ ಓಡುವ ತೋಡಿನಲ್ಲಿ ನೀಲಿ ಬಣ್ಣ ಅಥವಾ ಗುಳಿ ಕಾಣುತ್ತದೆ. ಅಂಥದ್ದಕ್ಕೆ ಹೊಸ ಬೂಟು ಹಾಕುವುದು ದಂಡ.

ಪೈಪಿನ ಕಾವಿಗೆ ತೆಳು ಅಲ್ಯೂಮಿನಿಯಂ ತಗಡಿನ ತಡೆ ಸಾಕು. ನಮ್ಮ ಉದ್ಯಮಬಾಗದಲ್ಲಿ ತಗಡು ಕತ್ತರಿಸಿ ಬಗ್ಗಿಸಿ ಕೊಡುವವರಿಗೆ ಬರವಿಲ್ಲ. ಪೈಪಿಗೂ ತಗಡಿಗೂ ನಡುವೆ ಗಾಳಿ ಆಡಬೇಕು. ಅದನ್ನು ಪೈಪಿಗೆ ಕಟ್ಟಬೇಡಿ, ಗಟ್ಟಿಯಾದ ಬ್ರಾಕೆಟ್‌ಗೆ ಬೋಲ್ಟ್ ಮಾಡಿ. ಸಿಲಿಕೋನ್ ಬೂಟು ಬಿಸಿ ಚೆನ್ನಾಗಿ ತಡೆಯುತ್ತದೆ ನಿಜ. ಆದರೆ ಒಂದು ಸಣ್ಣ ಗೀರು ಬಿದ್ದರೆ ಸರ್ರನೆ ಸೀಳಿಕೊಂಡು ಹೋಗುತ್ತದೆ. ಜಲ್ಲಿಗೆ ಇಳಿಯುವ ಅಭ್ಯಾಸ ಇದ್ದವರಿಗೆ ನಾನು ಅದನ್ನು ಹಾಕಿ ಕೊಡುವುದಿಲ್ಲ.

ರಬ್ಬರು ಮೆತ್ತಗೇ ಇದ್ದು, ಮಡಿಕೆಯ ತಗ್ಗಿನಲ್ಲಿ ಸುತ್ತಲೂ ಸೀಳಿದ್ದರೆ ಕೋನದ ಸಮಸ್ಯೆ. ಮಡಿಕೆಗಳು ಒಂದಕ್ಕೊಂದು ಉಜ್ಜಿ ನುಣ್ಣಗಾದ ಪಟ್ಟಿ ಕಾಣುತ್ತದೆ. ಕಾರನ್ನು ತಗ್ಗಿಸಿದ್ದೀರಾ? ಆಗ ಆಕ್ಸಲ್ ಕೋನ ಬದಲಾಗಿರುತ್ತದೆ. ಅಳೆಯುವಾಗ ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರಲಿ, ಡ್ರೈವರ್ ಸೀಟಿನಲ್ಲಿ ಕೂತಿರಲಿ. ಫೋನಿನ ಲೆವೆಲ್ ಆ್ಯಪ್ ಅನ್ನು ಆಕ್ಸಲ್ ಮೇಲೆ ಇಟ್ಟರೆ ಸಾಕು, ಎರಡೂ ಬದಿ ಹೋಲಿಸಬಹುದು. ಲಿಫ್ಟ್ ಮೇಲೆ ಚಕ್ರ ನೇತಾಡುವಾಗ ಅಳೆದರೆ ಲೆಕ್ಕಕ್ಕಿಲ್ಲ. ಹಾಗೆ ನೇತಾಡುವಾಗ ಗೇರ್ ಹಾಕಿ ಎಂಜಿನ್ ಓಡಿಸಲೂಬೇಡಿ, ಬೂಟು ಅಲ್ಲೇ ಕಚ್ಚಿಕೊಳ್ಳುತ್ತದೆ. ಕೋನ ಸರಿಯಿದ್ದೂ ಸೀಳುತ್ತಿದ್ದರೆ ಎಂಜಿನನ್ನು ಕಾರಿಗೆ ಹಿಡಿದಿಡುವ ಎಂಜಿನ್ ಮೌಂಟ್ ನೋಡಿ. ಮೌಂಟ್ ಸತ್ತಿದ್ದರೆ ಪ್ರತಿ ತಿರುವಿನಲ್ಲೂ ಎಂಜಿನ್ ಆ ಕಡೆ ಈ ಕಡೆ ಹೊಯ್ದಾಡಿ ಬೂಟನ್ನು ಎಳೆಯುತ್ತದೆ.

ಚಾಕುವಿನಿಂದ ಕೊಯ್ದ ಹಾಗೆ ಸೀಳಿದ್ದರೆ ಕಲ್ಲೋ ತಂತಿಯೋ, ಅದು ಹಣೆಬರಹ. ಉಬ್ಬಿ ಮೆತ್ತಗೆ ಜಿಗುಟಾಗಿದ್ದರೆ ಗೇರ್‌ಬಾಕ್ಸ್ ಸೀಲಿನಿಂದ ಎಣ್ಣೆ ಸೋರುತ್ತಿದೆಯಾ ನೋಡಿ, ಅಥವಾ ಯಾರೋ ಒಳಗೆ ಕೈಗೆ ಸಿಕ್ಕ ಗ್ರೀಸು ತುಂಬಿದ್ದಾರೆ. ಇಲ್ಲಿ ಬೇಕಾದದ್ದು ಸಿವಿ ಜಾಯಿಂಟಿನ ಮಾಲಿಬ್ಡಿನಮ್ ಗ್ರೀಸು.

ಬೂಟು ಹರಿಯದೆ ಇಡಿಯಾಗಿ ಕಳಚಿಕೊಂಡಿದ್ದರೆ ಹಾಕಿದ ಕೈಯ ತಪ್ಪು. ಬೂಟು ಕೂರುವ ಜಾಗದಲ್ಲಿ ಒಂದು ಹನಿ ಗ್ರೀಸು ಇದ್ದರೂ ಅದನ್ನು ಬಿಗಿದಿಡುವ ಪಟ್ಟಿ, ಅಂದರೆ ಕ್ಲಾಂಪ್, ಜಾರುತ್ತದೆ. ಚಿಕ್ಕ ಕ್ಲಾಂಪ್ ಬಿಗಿದ ಮೇಲೆ, ಜಾಯಿಂಟನ್ನು ಕಾರಿನಲ್ಲಿ ಇರುವ ಸ್ಥಿತಿಗೆ ತಂದು, ದೊಡ್ಡ ಬಾಯಿಯ ಅಂಚಿನೊಳಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಹೊರಗೆ ಬಿಡಿ. ಪುಸ್ ಅಂದ ಮೇಲೆ ದೊಡ್ಡ ಕ್ಲಾಂಪ್ ಬಿಗಿಯಿರಿ. ಒಳಗೆ ಗಾಳಿ ಉಳಿದರೆ ಬಿಸಿಗೆ ಬೂಟು ಬಲೂನಿನ ಹಾಗೆ ಊದಿಕೊಂಡು ಪೈಪಿಗೆ ತಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ತಗಡು, ಬೂಟು, ಸ್ಪ್ರಿಂಗು ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಮೊದಲ ಓಟ ಮುಗಿದು ಕಾರು ತಣ್ಣಗಾದ ಮೇಲೆ ಒಳ ಜಾಯಿಂಟಿನ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ನೋಡಿ, ಬೂಟಿನ ಎರಡೂ ಅಂಚಿನ ಸುತ್ತ ಬಿಳಿ ಬಟ್ಟೆ ಆಡಿಸಿ. ಬಟ್ಟೆಗೆ ಕಪ್ಪು ಅಂಟಿದರೆ ಎರಡನೇ ಓಟಕ್ಕೆ ಇಳಿಯಬೇಡಿ.