ಮೊಮ್ಮಗು ಬರುವ ಮುಂಚಿನ ತಯಾರಿ: ನನ್ನ ಅನುಭವ

ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ಅದರಂತೆ ಏಳನೆಯ ತಿಂಗಳಲ್ಲಿ ಬೀಗರ ಮನೆಗೆ ಹೋಗಿ ಕುಬಸ (ಸೀಮಂತ) ಮಾಡಿ, ಮಗಳನ್ನು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಅಲ್ಲಿಂದ ಮುಂದೆ ಬಂದವರೆಲ್ಲರೂ ಕೂಸಿಗೆ ಏನೇನು ತೆಗೆದಿಟ್ಟಿದ್ದೀರಿ ಎಂದೇ ಕೇಳುತ್ತಿದ್ದರು. ಕೂಸಿಗೆ ಬೇಕಾಗುವುದು ಬಹಳ ಸ್ವಲ್ಪ. ತಯಾರಿಯ ಮುಕ್ಕಾಲು ಪಾಲು ತಾಯಿಗಾಗಿ ಇರಬೇಕು ಎಂಬುದು ನನ್ನ ಲೆಕ್ಕವಾಗಿತ್ತು.

ಡಾಕ್ಟರರು ಬರೆದುಕೊಟ್ಟ ತಾರೀಖನ್ನು ನಾನು ನೆಂಟರಿಗೆ ಹೇಳಲೇ ಇಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಬರೆಯುವ ಆ ತಾರೀಖಿಗೇ ಸರಿಯಾಗಿ ಹುಟ್ಟುವ ಕೂಸುಗಳು ನೂರಕ್ಕೆ ಐದರಷ್ಟು ಮಾತ್ರ. ಅದನ್ನು ಊರಿಗೆಲ್ಲ ಸಾರಿದರೆ ಮರುದಿನದಿಂದಲೇ "ಇನ್ನೂ ಆಗಿಲ್ಲೇನ?" ಎಂಬ ಫೋನುಗಳು ಶುರುವಾಗಿ, ತುಂಬಿದ ಬಸುರಿಯ ಜೀವ ಹಣ್ಣಾಗುತ್ತದೆ. ಬಿಳಿಜೋಳದ ಸುಗ್ಗಿಯ ಹೊತ್ತಿಗೆ ಎಂದಷ್ಟೇ ಹೇಳಿ ಮುಗಿಸಿದೆ.

ಕಬ್ಬಿಣಾಂಶದ ಗುಳಿಗೆ ತಿಂದರೆ ಕೂಸು ಕರ್ರಗಾಗುತ್ತದೆ ಎಂಬ ಸುಳ್ಳು ಮಾತನ್ನು ಮಗಳು ಎಲ್ಲಿಯೋ ಕೇಳಿಕೊಂಡು ಬಂದಿದ್ದಳು. ಅದಕ್ಕೇ ಊಟವಾದ ಮೇಲೆ ನನ್ನ ಕಣ್ಣೆದುರಿಗೇ ನಿಂಬೆಹಣ್ಣಿನ ಪಾನಕದೊಂದಿಗೆ ಗುಳಿಗೆ ಕೊಟ್ಟು, ಅದರ ಹಿಂದೆ ಮುಂದೆ ಚಹಾ ಬಂದ್ ಮಾಡಿದೆ. ಹುಳಿಯೊಂದಿಗೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ, ಚಹಾ ಅದನ್ನು ತಡೆಯುತ್ತದೆ. ತಾಯಿ ಕಾರ್ಡು, ರಕ್ತ ಪರೀಕ್ಷೆಯ ಚೀಟಿ, ಹಳೆಯ ಸೀರೆಯ ತುಂಡುಗಳು ಇವನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ತೂಗುಹಾಕಿದ್ದೆ. ರಾತ್ರಿ ಯಾವ ಹೊತ್ತಿಗೆ ಎಬ್ಬಿಸಿದರೂ ಬರುತ್ತೇನೆಂದು ಓಣಿಯ ಕಾರಿನವನು ಒಪ್ಪಿದ್ದ, ಅವನಿಲ್ಲದಿದ್ದರೆ 108 ಇದ್ದೇ ಇದೆ. ನೀರು ಒಡೆದರೆ, ರಕ್ತ ಕಂಡರೆ, ತಲೆಶೂಲೆಯೊಂದಿಗೆ ಕಣ್ಣು ಮಂಜಾದರೆ ಅಥವಾ ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯಬಾರದು ಎಂದು ಮನೆಯ ಗಂಡಸರಿಗೂ ತಿಳಿಸಿದ್ದೆ.

ಹುಟ್ಟುವ ಮೊದಲೇ ಕೂಸಿಗೆ ಹೊಸ ಬಟ್ಟೆ ಹೊಲಿಸುವುದು ನಮ್ಮಲ್ಲಿಲ್ಲ. ಹೀಗಾಗಿ ಕುಂಚಿಗೆಗೆಂದು ತಂದ ಗುಳೇದಗುಡ್ಡದ ಖಣ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಯೇ ಉಳಿಯಿತು. ಆದರೆ ಕೌದಿಗೆ ಈ ನಿಯಮ ಹತ್ತುವುದಿಲ್ಲ, ಏಕೆಂದರೆ ಅದು ಹಳೆಯ ಅರಿವೆಯದು. ನನ್ನವೂ ನಮ್ಮ ಅತ್ತೆಯವರವೂ ಆದ ಹಳೆಯ ಇಳಕಲ್ ಸೀರೆಗಳನ್ನು ಕುದಿನೀರಿನಲ್ಲಿ ನೆನೆಸಿ ಒಗೆದು, ಕಡುಬಿಸಿಲಿಗೆ ಒಣಗಿಸಿ, ರೇಷ್ಮೆಯ ತೆನಿ ಸೆರಗನ್ನೂ ಗಡಸು ದಡಿಯನ್ನೂ ಕತ್ತರಿಸಿ ತೆಗೆದು, ತೊಳೆದು ತೊಳೆದು ಮೆತ್ತಗಾಗಿದ್ದ ನೂಲಿನ ಒಡಲನ್ನಷ್ಟೇ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಣ್ಣ ಹೊಲಿಗೆ ಹಾಕುತ್ತ ಬಂದೆ. ಕೂಸಿನ ಮೈಗೆ ತಾಗುವ ಬದಿಯಲ್ಲಿ ಒಂದು ಗಂಟೂ ಬರಬಾರದು. ದಾರ ಮುಗಿದಲ್ಲೆಲ್ಲ ಗಂಟನ್ನು ಪದರದೊಳಗೆ ಎಳೆದು ಅಡಗಿಸಬೇಕು.

ಎಲ್ಲಕ್ಕಿಂತ ಕಠಿಣವಾದ ಕೆಲಸವೆಂದರೆ ಬೀಗಿತ್ತಿಯೊಡನೆ ಮೊದಲೇ ಕುಳಿತು ಮಾತಾಡಿಕೊಂಡದ್ದು. ಕೂಸು ಹುಟ್ಟಿದ ಮೇಲೆ ಹಾಸಿಗೆಯ ಸುತ್ತ ನಿಂತು ವಾದಿಸುವುದು ಬಾಣಂತಿಗೆ ಒಳ್ಳೆಯದಲ್ಲ. ಮೊದಲ ಒಂದು ತಾಸಿನೊಳಗೇ ತಾಯಿಯ ಹಳದಿ ಹಾಲನ್ನು ಕುಡಿಸುವುದು, ಜೇನುತುಪ್ಪ ನೆಕ್ಕಿಸದಿರುವುದು, ಹೊಕ್ಕಳಿಗೆ ಬೂದಿ ಎಣ್ಣೆ ಏನನ್ನೂ ಹಚ್ಚದಿರುವುದು, ಮೊದಲ ದಿನ ಎರೆಯದಿರುವುದು, ಇವಿಷ್ಟನ್ನು ಆಶಾ ಕಾರ್ಯಕರ್ತೆಯ ಬಾಯಿಂದಲೇ ಹೇಳಿಸಿದೆ. ನಾನು ಹೇಳಿದ್ದರೆ ಅದು ತವರಿನವರ ಹಟವೆನಿಸುತ್ತಿತ್ತು. ಬೀಗಿತ್ತಿ ಬಿಡದೆ ಹಿಡಿದದ್ದು ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದನ್ನು. ಕದ ಮುಚ್ಚಿದ ಖೋಲಿಯಲ್ಲಿ ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ಅದು ಜೀವಕ್ಕೇ ಕುತ್ತು ಎಂದು ಎಷ್ಟು ಹೇಳಿದರೂ ಒಪ್ಪದಿದ್ದವರು, ನಾನು "ಅಕ್ಕಾರ, ಮಾರ್ಚ್ ತಿಂಗಳ ಬಾಗಲಕೋಟಿಗೆ ಬ್ಯಾರೆ ಬೆಂಕಿ ಬೇಕೇನ್ರಿ?" ಎಂದಾಗ ನಕ್ಕು ಸುಮ್ಮನಾದರು.

ಬಾಣಂತಿಗೆ ಕೊಡುವ ಅಂಟಿನ ಉಂಡಿಯನ್ನು ಬಹಳ ಜನ ತಿಂಗಳ ಮೊದಲೇ ಕಟ್ಟಿಡುತ್ತಾರೆ. ನಮ್ಮ ಬಿಸಿಲಿಗೆ ಕೊಬ್ಬರಿ ಬೇಗ ಕಮಟುತ್ತದೆ, ಆದ್ದರಿಂದ ನಾನು ಸಾಮಾನನ್ನಷ್ಟೇ ಸಜ್ಜು ಮಾಡಿ ಇಟ್ಟುಕೊಂಡೆ: ಬೀಜ ತೆಗೆದು ಒಣಗಿಸಿದ ಖಾರೀಕು, ಗಸಗಸೆ, ಅಳವಿ, ಕಸ ಆರಿಸಿದ ಅಂಟು, ಮಹಾಲಿಂಗಪುರದ ಬೆಲ್ಲ. ಯಾರೋ ಪ್ರೀತಿಯಿಂದ ಅಮೀನಗಡದ ಕರದಂಟು ತಂದಿದ್ದರು. ಅದನ್ನು ಬಂದುಹೋಗುವವರ ತಟ್ಟೆಗೆ ಹಾಕಿದೆ.

ಕೂಸು ಬರೆದುಕೊಟ್ಟ ತಾರೀಖಿಗಿಂತ ಮುಂಚೆಯೇ ಹುಟ್ಟಿತು, ಹೆಣ್ಣು. ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಉಂಡಿಗೆ ಕೂತೆ. ಅಂಟನ್ನು ಕಡಲೆಕಾಳಿಗಿಂತ ಸಣ್ಣಗೆ ಒಡೆದು, ತುಪ್ಪದಲ್ಲಿ ಸ್ವಲ್ಪಸ್ವಲ್ಪವಾಗಿ ಸಣ್ಣ ಉರಿಯ ಮೇಲೆ ಕರಿಯಬೇಕು. ದೊಡ್ಡ ಹರಳು ಮೇಲೆ ಅರಳಿದರೂ ಒಳಗೆ ಹಸಿಯುಳಿದು ಹಲ್ಲಿಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹಾಲಿನೊಂದಿಗೆ ಒಂದು ಉಂಡಿ ಕೊಟ್ಟು, ಊಟದ ಹೊತ್ತಿಗೆ ಬಿಸಿ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಬೇಳೆ ಎಲ್ಲವನ್ನೂ ಬಡಿಸಿದೆ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಹಳೆಯ ಮಾತಿಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಹಾಲೂಡಿಸುವವಳಿಗೆ ನೀರಡಿಕೆ ಹೆಚ್ಚು. ಕಾಸಿ ಆರಿಸಿದ ನೀರಿನ ತಂಬಿಗೆಯನ್ನು ಅವಳ ಕೈಗೆ ಎಟುಕುವಲ್ಲಿಯೇ ಇಟ್ಟು, ಖಾಲಿಯಾದಂತೆಲ್ಲ ತುಂಬಿಸುತ್ತಿದ್ದೆ.