ರಫ್ತು ಕಚೇರಿಯಲ್ಲಿ ಸಂಬಳ ಗೊತ್ತುಮಾಡುವುದು: ನಾನು ಹಾಕುವ ಲೆಕ್ಕ

‘ಎಕ್ಸ್‌ಪೋರ್ಟ್ ಎಕ್ಸಿಕ್ಯೂಟಿವ್’ ಅನ್ನುವ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಕೆಲಸಗಳಿವೆ. ಒಬ್ಬರು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ತಯಾರಿಸಿ ಸಿಎಚ್‌ಎಗೆ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟರಿಗೆ) ಮೇಲ್ ಹಾಕುತ್ತಾರೆ. ಇನ್ನೊಬ್ಬರು ಎಲ್‌ಸಿ (ಕಾಗದ ಸರಿಯಿದ್ದರೆ ದುಡ್ಡು ಕೊಡುತ್ತೇನೆಂದು ಖರೀದಿದಾರನ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್) ಓದಿ ಬ್ಯಾಂಕಿಗೆ ಕೊಡುವ ಕಾಗದದ ಸೆಟ್ ಜೋಡಿಸುತ್ತಾರೆ. ಮತ್ತೊಬ್ಬರ ಬಳಿ ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಕೊಡುವ ಲೈಸೆನ್ಸ್‌ಗಳ ಫೈಲು. ನಾಲ್ಕನೆಯವರು ಖರೀದಿದಾರರ ಜೊತೆ ದರ ಮಾತಾಡುತ್ತಾರೆ. ವಿಸಿಟಿಂಗ್ ಕಾರ್ಡಿನಲ್ಲಿ ನಾಲ್ವರೂ ಒಂದೇ, ಸಂಬಳದಲ್ಲಿ ಅಲ್ಲ. ಮಂಗಳೂರಿನ ಗೋಡಂಬಿ, ಕಾಫಿ ರಫ್ತುದಾರರಿಗೂ ಬೆಂಗಳೂರಿನ ಗಾರ್ಮೆಂಟ್ಸ್‌ನವರಿಗೂ ಜನ ಹುಡುಕಿ ಸಂಬಳ ಗೊತ್ತುಮಾಡುವಾಗ ನಾನು ಹುದ್ದೆಯ ಹೆಸರನ್ನು ಬದಿಗಿಟ್ಟು ಎರಡೇ ಪ್ರಶ್ನೆ ಕೇಳುತ್ತೇನೆ. ಈ ಮೇಜಿನಲ್ಲಿ ಒಂದು ತಪ್ಪಾದರೆ ಎಷ್ಟು ದುಡ್ಡು ಸಿಕ್ಕಿಕೊಳ್ಳುತ್ತದೆ? ಇವರ ಕೈ ದಾಟಿದ ಮೇಲೆ ಆ ತಪ್ಪನ್ನು ಹಿಡಿಯುವವರು ಇನ್ಯಾರಾದರೂ ಇದ್ದಾರೆಯೇ?

ಒಂದು ಗೋಡಂಬಿ ಕಂಟೇನರ್ ಇಟ್ಟುಕೊಂಡೇ ನೋಡೋಣ. 20 ಅಡಿಯ ಕಂಟೇನರಿಗೆ 50 ಪೌಂಡಿನ ಪೆಟ್ಟಿಗೆ 700 ಹಿಡಿಯುತ್ತದೆ. ಅಂದರೆ 35,000 ಪೌಂಡ್, 15,876 ಕೆ.ಜಿ. ಮಾಲು ಡಬ್ಲ್ಯೂ 320, ಎಂದರೆ ಪೌಂಡಿಗೆ 300ರಿಂದ 320 ಬೀಜ. ಲೆಕ್ಕಕ್ಕೆಂದು ಪೌಂಡಿಗೆ 3.20 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದರೆ 1,12,000 ಡಾಲರ್, ನಮ್ಮ ದುಡ್ಡಿನಲ್ಲಿ 95,20,000 ರೂಪಾಯಿ. ಈ ಒಂದು ಕಂಟೇನರಿನ ದುಡ್ಡು ನಾಲ್ಕೂ ಮೇಜಿನ ಮೇಲೆ ಹಾದುಹೋಗುತ್ತದೆ.

ಮೊದಲ ಮೇಜು ಡಾಕ್ಯುಮೆಂಟೇಶನ್. ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಸಿಎಚ್‌ಎ ಕಳಿಸುವ ಚೆಕ್‌ಲಿಸ್ಟ್‌ನಲ್ಲಿ (ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆಯ ಕರಡು) ಸಿಕ್ಕಿಬೀಳುತ್ತವೆ: ತೂಕ, ಮಾಲಿನ ವರ್ಗ ಹೇಳುವ ಎಚ್‌ಎಸ್ ಕೋಡ್, ನಮ್ಮ ಬ್ಯಾಂಕನ್ನು ಗುರುತಿಸುವ ಎಡಿ ಕೋಡ್. ಹಿಡಿಯುವವರು ಮುಂದೆ ಇರುವುದರಿಂದಲೇ ಈ ಕೆಲಸಕ್ಕೆ ಸಂಬಳ ಕಡಿಮೆ. ಆದರೆ ಅದೇ ಚೆಕ್‌ಲಿಸ್ಟ್‌ನಲ್ಲಿ ಸಿಎಚ್‌ಎಯ ಕಣ್ಣಿಗೆ ಬೀಳದ ಒಂದು ಸಾಲಿದೆ. ರೋಡ್‌ಟೆಪ್ (ರಫ್ತು ಮಾಲಿನಲ್ಲಿ ಸೇರಿಕೊಂಡ ತೆರಿಗೆಗಳನ್ನು ಸರಕಾರ ಮರಳಿಸುವ ಯೋಜನೆ) ಬೇಕೋ ಬೇಡವೋ ಎಂದು ಐಟಂವಾರು ಘೋಷಿಸುವ ಜಾಗ ಅದು. ಅಲ್ಲಿ ‘ವೈ’ ಬದಲು ‘ಎನ್’ ಬಿದ್ದರೂ ಶಿಪ್ಪಿಂಗ್ ಬಿಲ್ ಸಲೀಸಾಗಿ ಫೈಲ್ ಆಗುತ್ತದೆ, ಕಸ್ಟಮ್ಸ್‌ನ ಒಪ್ಪಿಗೆಯಾದ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಸಿಗುತ್ತದೆ, ಹಡಗು ಹೊರಡುತ್ತದೆ. ದುಡ್ಡು ಮಾತ್ರ ಬರುವುದಿಲ್ಲ. ಉದಾಹರಣೆಗೆ ದರ ಶೇ 1 ಅಂದುಕೊಂಡರೂ ಮೇಲಿನ ಕಂಟೇನರಿಗೆ 95 ಸಾವಿರ. ಆಮೇಲೆ ತಿದ್ದಿಸುವುದು ತುಂಬಾ ಕಷ್ಟ. ಚೆಕ್‌ಲಿಸ್ಟ್ ಬಂದಾಗ ಬರೀ ‘ಓಕೆ’ ಎಂದು ಮರುಮೇಲ್ ಹಾಕುವವರಿಗೂ ಈ ಸಾಲನ್ನು ತೆಗೆದು ನೋಡುವವರಿಗೂ ನಾನು ಒಂದೇ ಸಂಬಳ ಬರೆಯುವುದಿಲ್ಲ.

ಎರಡನೆಯದು ಎಲ್‌ಸಿ ಮೇಜು. ದೊಡ್ಡ ವ್ಯತ್ಯಾಸ ಶುರುವಾಗುವುದೇ ಇಲ್ಲಿ. ಬ್ಯಾಂಕು ನೋಡುವುದು ಕಾಗದವನ್ನು, ಮಾಲನ್ನಲ್ಲ. ಎಲ್‌ಸಿಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮ ಯುಸಿಪಿ 600 ಪ್ರಕಾರ ಕಾಗದ ಪರಿಶೀಲಿಸಲು ಬ್ಯಾಂಕಿಗೆ ಐದು ಬ್ಯಾಂಕಿಂಗ್ ದಿನ. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ ಹಡಗೇರಿದ 21 ದಿನದೊಳಗೆ, ಎಲ್‌ಸಿಯ ಅವಧಿಯನ್ನೂ ಮೀರದಂತೆ ನಾವು ಸೆಟ್ ಕೊಡಬೇಕು. ಹೊಸಬರು ಎಡವುವ ಜಾಗ ಪ್ರಮಾಣದ ವಿಷಯ. ಶೇ 5 ಹೆಚ್ಚು ಕಡಿಮೆಗೆ ಅವಕಾಶ ಇದೆ ಎಂದು ಎಲ್ಲೋ ಕೇಳಿರುತ್ತಾರೆ. ಹೌದು, ಆದರೆ ಎಲ್‌ಸಿಯಲ್ಲಿ ಪ್ರಮಾಣವನ್ನು ಪೆಟ್ಟಿಗೆಗಳ ಲೆಕ್ಕದಲ್ಲಿ ಬರೆದಿದ್ದರೆ ಆ ಅವಕಾಶ ಇಲ್ಲ. ‘35,000 ಪೌಂಡ್’ ಎಂದು ಮಾತ್ರ ಇದ್ದರೆ ಸ್ವಲ್ಪ ಕಡಿಮೆ ನಡೆಯುತ್ತದೆ. ‘700 ಕಾರ್ಟನ್’ ಎಂದಿದ್ದು, ಸೋರಿದ ಒಂದು ಪೆಟ್ಟಿಗೆಯನ್ನು ಗೋಡೌನಿನವರು ಇಳಿಸಿ 699 ತುಂಬಿದರೆ ಅದು ಡಿಸ್ಕ್ರೆಪೆನ್ಸಿ, ಎಂದರೆ ಎಲ್‌ಸಿಗೂ ಕಾಗದಕ್ಕೂ ತಾಳೆಯಾಗದ ತಪ್ಪು. ಬ್ಯಾಂಕು ಕಡಿತ ಮಾಡುವ ಶುಲ್ಕ ಸಣ್ಣದು. ನಿಜವಾದ ಅಪಾಯ ಬೇರೆ: ಆ ಕ್ಷಣದಿಂದ ದುಡ್ಡು ಕೊಡುವುದು ಬಿಡುವುದು ಖರೀದಿದಾರನ ಕೈಗೆ ಹೋಗುತ್ತದೆ. ಆ ವಾರ ಗೋಡಂಬಿ ದರ ಇಳಿದಿದ್ದರೆ ಆತ ಕೇಳುವುದು ರಿಯಾಯಿತಿಯನ್ನೇ. ನಮ್ಮ ಮಾಲು ಆಗಲೇ ಅವನ ಬಂದರಿನಲ್ಲಿ ಕೂತು ಡೆಮರೇಜ್ (ತಡವಾದ ದಿನಗಳ ದಂಡ) ಏರಿಸಿಕೊಳ್ಳುತ್ತಿರುತ್ತದೆ.

ಹಾಗಾಗಿ ಈ ಮೇಜಿಗೆ ಬರುವವರ ಸರ್ಟಿಫಿಕೇಟಿಗಿಂತ ಮೊದಲು ನಾನು ಒಂದು ಎಲ್‌ಸಿ ನಕಲು, ಒಂದು ಬಿಎಲ್ (ಹಡಗು ಕಂಪನಿ ಮಾಲಿಗೆ ಕೊಡುವ ರಸೀದಿ) ಡ್ರಾಫ್ಟ್, ಒಂದು ಇನ್‌ವಾಯ್ಸ್ ಮುಂದಿಡುತ್ತೇನೆ. ಅರ್ಧ ಗಂಟೆ ಸಮಯ, ಒಳಗೆ ಐದು ತಪ್ಪು ಇಟ್ಟಿರುತ್ತೇನೆ. ಎಲ್‌ಸಿಯ 44ಸಿ ಕಾಲಂನಲ್ಲಿರುವ ಕೊನೆಯ ಶಿಪ್‌ಮೆಂಟ್ ದಿನಾಂಕಕ್ಕಿಂತ ಬಿಎಲ್‌ನ ಆನ್‌ಬೋರ್ಡ್ (ಹಡಗೇರಿದ) ದಿನಾಂಕ ಒಂದು ದಿನ ತಡ. ಮಾರಾಟ ಎಫ್‌ಒಬಿ (ಹಡಗಿನ ಬಾಡಿಗೆ ಖರೀದಿದಾರನದು), ಬಿಎಲ್ ಮೇಲೆ ‘ಫ್ರೈಟ್ ಪ್ರೀಪೇಯ್ಡ್’ (ಬಾಡಿಗೆ ಕಟ್ಟಿಯಾಗಿದೆ). 45ಎ ಯಲ್ಲಿರುವ ಮಾಲಿನ ವಿವರಣೆಗೂ ಇನ್‌ವಾಯ್ಸಿಗೂ ಹೊಂದಿಕೆ ಇಲ್ಲ. ಈ ಮೂರನ್ನು ಹೆಚ್ಚಿನವರು ಹಿಡಿಯುತ್ತಾರೆ. ನಾಲ್ಕನೆಯದು 47ಎ ಯ ಹೆಚ್ಚುವರಿ ಷರತ್ತುಗಳ ನಡುವೆ ಇರುತ್ತದೆ: ‘ಎಲ್ಲ ಕಾಗದಗಳ ಮೇಲೂ ಎಲ್‌ಸಿ ನಂಬರ್ ಇರಬೇಕು’ ಎಂಬಂಥ ಒಂದು ವಾಕ್ಯ. 46ಎ ಯಲ್ಲಿರುವ ಬೇಕಾದ ಕಾಗದಗಳ ಪಟ್ಟಿ ಮಾತ್ರ ಓದುವ ಅಭ್ಯಾಸ ಇರುವವರು ಇದನ್ನು ಬಿಟ್ಟುಬಿಡುತ್ತಾರೆ. ಐದನೆಯದು 31ಡಿ. ಎಲ್‌ಸಿ ಮುಗಿಯುವ ಜಾಗ ಖರೀದಿದಾರನ ದೇಶ ಎಂದಿದ್ದರೆ ಆ ದಿನಾಂಕದೊಳಗೆ ಕಾಗದ ಅಲ್ಲಿಗೆ ತಲುಪಿರಬೇಕು. ಮಂಗಳೂರಿನ ಬ್ಯಾಂಕಿಗೆ ಕೊಟ್ಟರೆ ಸಾಲದು, ಕೊರಿಯರ್ ದಿನಗಳನ್ನು ಕಳೆಯಬೇಕು. ಐದನ್ನೂ ಹಿಡಿದು, ಈ ಕೊನೆಯದನ್ನು ಎಲ್‌ಸಿ ಕೈಗೆ ಬಂದ ದಿನವೇ ಅಮೆಂಡ್‌ಮೆಂಟ್ ಕೇಳಿ ಸರಿಪಡಿಸಬೇಕಿತ್ತು ಎಂದು ತಾವಾಗಿ ಹೇಳುವವರು ಸಿಕ್ಕರೆ, ಡಾಕ್ಯುಮೆಂಟೇಶನ್ ಮೇಜಿನವರ ಒಂದೂವರೆ ಪಟ್ಟು ಬರೆಯಲು ಮಾಲೀಕರಿಗೆ ಹೇಳುತ್ತೇನೆ. ಹೆಚ್ಚಾಯಿತು ಎಂದು ಅವರಿಗೆ ಅನ್ನಿಸಿದರೆ ಮೇಲಿನ 95 ಲಕ್ಷದ ಲೆಕ್ಕ ತೋರಿಸುತ್ತೇನೆ.

ನಮ್ಮ ನಾಲ್ಕು ಮೇಜಿನ ಹೊರಗಿರುವ ಸಿಎಚ್‌ಎ ಕಚೇರಿಯಲ್ಲಿ ಸಂಬಳದ ಮೆಟ್ಟಿಲು ಕಸ್ಟಮ್ಸ್ ಕೊಡುವ ಕಾರ್ಡಿನ ಮೇಲೆ ನಿಂತಿದೆ. ಪರೀಕ್ಷೆ ಇಲ್ಲದೆ ಸಿಗುವುದು ಎಚ್ ಕಾರ್ಡ್, ಅದು ಸಹಾಯಕರದು. ಪರೀಕ್ಷೆ ಪಾಸು ಮಾಡಿದ ನೌಕರರಿಗೆ ಜಿ ಕಾರ್ಡ್. ಲೈಸೆನ್ಸಿಗಾಗಿ ನಡೆಯುವ ದೇಶಮಟ್ಟದ ಪರೀಕ್ಷೆ ಪಾಸಾದವರದು ಎಫ್ ಕಾರ್ಡ್. ಇಲ್ಲಿ ಎರಡು ವರ್ಷ ಓಡಾಡಿದ ಅನುಭವಕ್ಕಿಂತ ಜಿ ಕಾರ್ಡಿಗೆ ಬೆಲೆ ಹೆಚ್ಚು. ಎಚ್ ಕಾರ್ಡಿನಲ್ಲೇ ಏಳೆಂಟು ವರ್ಷ ಕೂತವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಲಸ ಪೂರಾ ಗೊತ್ತಿರುತ್ತದೆ, ಪರೀಕ್ಷೆಗೆ ಕೂರಲು ಯಾರೂ ಹೇಳಿರುವುದಿಲ್ಲ.

ಮೂರನೆಯದಾದ ಡಿಜಿಎಫ್‌ಟಿ ಮೇಜು ಹೊರಗಿನಿಂದ ನೋಡಿದರೆ ನಿಧಾನದ ಕೆಲಸ. ಕಾರ್ಖಾನೆ ಇಪಿಸಿಜಿಯಲ್ಲಿ (ರಫ್ತು ಮಾಡುವ ಷರತ್ತಿಗೆ ಸುಂಕವಿಲ್ಲದೆ ಯಂತ್ರ ತರಿಸುವ ಯೋಜನೆ) ಹೊಲಿಗೆ ಯಂತ್ರ ತರಿಸಿ 20 ಲಕ್ಷ ಸುಂಕ ಉಳಿಸಿದೆ ಎನ್ನಿ. ಆರು ವರ್ಷದಲ್ಲಿ ಅದರ ಆರು ಪಟ್ಟು, 1.2 ಕೋಟಿ ರಫ್ತು ತೋರಿಸಬೇಕು. ರಫ್ತು ಆಗಿದ್ದರೂ ಶಿಪ್ಪಿಂಗ್ ಬಿಲ್ಲಿನಲ್ಲಿ ಆ ಲೈಸೆನ್ಸ್ ನಂಬರ್ ನಮೂದಾಗದೆ ಹೋದರೆ ಲೆಕ್ಕಕ್ಕೆ ತೆಗೆದುಕೊಳ್ಳಿಸಲು ಹೆಣಗಬೇಕು. ಬಾಧ್ಯತೆ ಮುಗಿದ ಪತ್ರ ಸಿಗದಿದ್ದರೆ ಉಳಿಸಿದ ಸುಂಕವನ್ನು ಬಡ್ಡಿ ಸಮೇತ ಕಟ್ಟಬೇಕು. ಈ ಲೋಪ ಗೊತ್ತಾಗುವ ಹೊತ್ತಿಗೆ ನಮೂದಿಸಬೇಕಾಗಿದ್ದವರು ಕೆಲಸ ಬಿಟ್ಟಿರುತ್ತಾರೆ. ಈ ಕೆಲಸ ಬಲ್ಲವರು ಕಡಿಮೆ. ಆದ್ದರಿಂದ ಒಂದೇ ಕಚೇರಿಯ ಸಂಬಳಕ್ಕೆ ಕಟ್ಟುಬೀಳದೆ ಮೂರ್ನಾಲ್ಕು ಸಣ್ಣ ರಫ್ತುದಾರರಿಗೆ ಫೈಲಿಗಿಷ್ಟು ಎಂದು ಮಾಡಿಕೊಡುವವರೇ ಇದರಲ್ಲಿ ಚೆನ್ನಾಗಿ ದುಡಿಯುತ್ತಾರೆ.

ಗಾರ್ಮೆಂಟ್ಸ್‌ನಲ್ಲಿ ಆರ್ಡರನ್ನು ರವಾನೆಯವರೆಗೆ ನೋಡಿಕೊಳ್ಳುವ ಮರ್ಚಂಡೈಸರ್‌ಗಳ ವಿಷಯಕ್ಕೆ ಬಂದರೆ ಲೆಕ್ಕ ವಿಮಾನದ ಬಾಡಿಗೆಯದು. 10,000 ಶರ್ಟು, ತಲಾ 6 ಡಾಲರ್, 85ರ ದರದಲ್ಲಿ 51 ಲಕ್ಷ. ಪ್ಯಾಕಿಂಗ್ ಸೇರಿ ಒಟ್ಟು ತೂಕ 3,000 ಕೆ.ಜಿ. ಟ್ರಿಮ್ಸ್ (ಬಟನ್, ಲೇಬಲ್‌ನಂಥವು) ತಡವಾಗಿ ಹಡಗು ತಪ್ಪಿತು, ಖರೀದಿದಾರ ನಿಮ್ಮ ಖರ್ಚಿನಲ್ಲೇ ವಿಮಾನದಲ್ಲಿ ಕಳಿಸಿ ಎಂದ. ಕೆ.ಜಿ.ಗೆ 250 ರೂಪಾಯಿ ಅಂದುಕೊಂಡರೆ 7.5 ಲಕ್ಷ, ಮಾರಿದ ಬೆಲೆಯ ಶೇ 15ರ ಹತ್ತಿರ. ಆ ಆರ್ಡರಿನ ಲಾಭ ಅಲ್ಲಿಗೆ ಮುಗಿಯಿತು. ಒಳ್ಳೆಯ ಮರ್ಚಂಡೈಸರ್ ಟಿ ಅಂಡ್ ಎ (ಟೈಮ್ ಅಂಡ್ ಆ್ಯಕ್ಷನ್) ವೇಳಾಪಟ್ಟಿಯ ಹಾಳೆಯಲ್ಲಿ ಬಟನ್, ಲೇಬಲ್ ಅಪ್ರೂವಲ್ ದಿನಾಂಕ ಜಾರಿದ್ದನ್ನು ನಾಲ್ಕು ವಾರ ಮೊದಲೇ ಹಿಡಿಯುತ್ತಾರೆ. ಇವರಿಗೆ ಇನ್ಸೆಂಟಿವ್ ಕಟ್ಟುವಾಗ ಆರ್ಡರ್ ಮೌಲ್ಯಕ್ಕೆ ಕಟ್ಟದೆ ವರ್ಷದಲ್ಲಿ ಸಮಯಕ್ಕೆ ಹೋದ ಶಿಪ್‌ಮೆಂಟುಗಳ ಪ್ರಮಾಣಕ್ಕೆ ಕಟ್ಟಿ ಎನ್ನುತ್ತೇನೆ. ಒಂದೇ ಖರೀದಿದಾರನ ಕೆಲಸ ಮಾತ್ರ ಗೊತ್ತಿರುವವರ ಬೆಲೆ ಆ ದೇಶದ ನೀತಿಯ ಜೊತೆ ಏರಿಳಿಯುತ್ತದೆ ಎಂಬುದೂ ನೆನಪಿರಲಿ. 2025ರ ಆಗಸ್ಟ್ 27ರಿಂದ ಭಾರತದ ಹೆಚ್ಚಿನ ಮಾಲಿನ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ ಶೇ 50ಕ್ಕೆ ಏರಿದಾಗ, ಯುರೋಪಿನ ಖರೀದಿದಾರರ ಟೆಸ್ಟಿಂಗ್, ಲೇಬಲಿಂಗ್ ನಿಯಮವೂ ಬಲ್ಲವರ ಮಾತು ನಡೆಯಿತು.

ಕಾಫಿಯಲ್ಲಿ ಕಾಗದದವರಿಗಿಂತ ರುಚಿ ನೋಡುವವರ ಸಂಬಳ ಮೇಲೆ. ಚೀಲದಲ್ಲಿ ತುಂಬಿದರೆ ಕಂಟೇನರಿಗೆ 60 ಕೆ.ಜಿ.ಯ 320 ಚೀಲ, 19.2 ಟನ್. ಪ್ರಿಶಿಪ್‌ಮೆಂಟ್ ಸ್ಯಾಂಪಲ್ ಒಪ್ಪಿಗೆಯಾದ ಮೇಲೆ ಲಾಟ್‌ನಲ್ಲಿ ಕಮಟು ವಾಸನೆ ಬಂತೆಂದರೆ ಅಷ್ಟೂ ಮಾಲು ತಗಾದೆಗೆ ಬೀಳುತ್ತದೆ. ಕಾಫಿ ಬೋರ್ಡಿನ ಗುಣಮಟ್ಟ ನಿರ್ವಹಣೆಯ ಡಿಪ್ಲೊಮಾ ಮಾಡಿದವರಿಗೆ ಬೇಡಿಕೆ ಇರುವುದು ಇದಕ್ಕೇ. ಹೊಸದಾಗಿ ಬೆಲೆ ಬಂದಿರುವ ಕೆಲಸ ಇನ್ನೊಂದು: ಯುರೋಪಿನ ಅರಣ್ಯನಾಶ ನಿಯಮಕ್ಕೆ ತೋಟದ ಸ್ಥಳಗುರುತು ಕೂಡಿಸುವುದು. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟಕ್ಕೆ ಗಡಿಯ ಸುತ್ತಲೂ ಬಿಂದುಗಳು ಬೇಕು, ಚಿಕ್ಕದಕ್ಕೆ ಒಂದು ಬಿಂದು ಸಾಕು. ಅಕ್ಷಾಂಶ ರೇಖಾಂಶ ಎರಡೂ ದಶಾಂಶದ ಆರು ಅಂಕಿಯವರೆಗೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಾ ಬಂದರೂ ಖರೀದಿದಾರರು ಕೇಳುವುದನ್ನು ನಿಲ್ಲಿಸಿಲ್ಲ. ಕೊಡಗಿನ, ಚಿಕ್ಕಮಗಳೂರಿನ ಬೆಳೆಗಾರರ ಮನೆಗೆ ಹೋಗಿ ಕೂತು ಮಾತಾಡಿ ಈ ಮಾಹಿತಿ ತರಬಲ್ಲ ಹುಡುಗ ಹುಡುಗಿಯರು ಕಚೇರಿಗೆ ಬಹಳ ಮುಖ್ಯ. ಅವರನ್ನು ಫೀಲ್ಡ್ ಅಸಿಸ್ಟೆಂಟ್ ದರಕ್ಕೆ ಇಟ್ಟುಕೊಳ್ಳುವುದು ಸರಿಯಲ್ಲ.

ನಾಲ್ಕನೆಯ ಮೇಜಾದ ಮಾರಾಟದವರ ಕಮಿಷನ್ ಬರೆಯುವಾಗ ಮೂರು ಅಂಶ ಕಾಗದದಲ್ಲಿ ಇರಲೇಬೇಕು. ಕಮಿಷನ್ ಎಫ್‌ಒಬಿ ಮೇಲೆ, ಬಾಡಿಗೆ ವಿಮೆ ಸೇರಿದ ಸಿಐಎಫ್ ಮೇಲಲ್ಲ. ಸಿಐಎಫ್ 50,000 ಡಾಲರ್, ಅದರಲ್ಲಿ ಬಾಡಿಗೆ 4,000, ವಿಮೆ 200 ಇದ್ದರೆ ಲೆಕ್ಕ 45,800ಕ್ಕೆ. ಅರ್ಧ ಪರ್ಸೆಂಟ್ ಎಂದರೆ 229 ಡಾಲರ್. 2021ರಲ್ಲಿ ಹಡಗಿನ ಬಾಡಿಗೆ ಹಲವು ಪಟ್ಟು ಏರಿದಾಗ ಸಿಐಎಫ್ ಮೇಲೆ ಬರೆದಿದ್ದ ಕಡೆಯಲ್ಲೆಲ್ಲ ಜಗಳವಾಯಿತು. ಎರಡನೆಯದು, ಯಾವ ದಿನದ ಡಾಲರ್ ದರ: ಇ-ಬಿಆರ್‌ಸಿಯಲ್ಲಿ (ರಫ್ತಿನ ದುಡ್ಡು ಬ್ಯಾಂಕಿಗೆ ಬಂದುದಕ್ಕೆ ಪುರಾವೆ) ಇರುವ ಜಮೆಯ ದಿನದ್ದು ಎಂದು ಬರೆದರೆ ತಕರಾರಿಲ್ಲ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಡಿಎ 90 ದಿನದ (ಕಾಗದ ಒಪ್ಪಿಕೊಂಡು 90 ದಿನಕ್ಕೆ ದುಡ್ಡು ಕೊಡುವ) ಮಾರಾಟದಲ್ಲಿ ಜನವರಿಯ ಮಾಲಿನ ದುಡ್ಡು ಬರುವುದು ಏಪ್ರಿಲ್ ಆಚೆ. ಮಾರ್ಚಿನಲ್ಲಿ ಕೆಲಸ ಬಿಟ್ಟರೆ ಆ ಕಮಿಷನ್ ಯಾರದು? ‘ಬಿಡುವ ಮುನ್ನ ರವಾನೆಯಾದ ಮಾಲಿನ ಕಮಿಷನ್ ದುಡ್ಡು ಬಂದಾಗ ಸಲ್ಲುತ್ತದೆ’ ಎಂಬ ಒಂದು ಸಾಲು ಆಫರ್ ಲೆಟರಿನಲ್ಲಿ ಹಾಕಿಸಿಕೊಳ್ಳಿ.

ಸಿಟಿಸಿ (ಒಬ್ಬ ನೌಕರನ ಮೇಲೆ ಕಂಪನಿಗೆ ತಗಲುವ ವರ್ಷದ ಒಟ್ಟು ಖರ್ಚು) ಬಿಡಿಸಿ ನೋಡುವುದು ಇನ್ನೊಂದು ಕೆಲಸ. ವರ್ಷಕ್ಕೆ 6 ಲಕ್ಷ ಎಂದಾಕ್ಷಣ ತಿಂಗಳಿಗೆ 50 ಸಾವಿರ ಎಂದು ಮನೆಯಲ್ಲಿ ಹೇಳಿಬಿಡುತ್ತಾರೆ. ಬೇಸಿಕ್ 25,000 ಹಿಡಿಯಿರಿ. ಮಾಲೀಕರ ಪಿಎಫ್ ಶೇ 12ರಂತೆ ವರ್ಷಕ್ಕೆ 36,000, ಗ್ರಾಚ್ಯುಟಿ ಶೇ 4.81ರಂತೆ 14,430, ಕೆಲಸ ನೋಡಿ ಕೊಡುವ ವೇರಿಯಬಲ್ 60,000. ಇಷ್ಟನ್ನು ತೆಗೆದರೆ ಉಳಿದದ್ದು 4,89,570. ತಿಂಗಳಿಗೆ 40,797. ಅದರಿಂದ ನಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಹೋಗಿ ಕೈಗೆ 37,600ರ ಆಸುಪಾಸು. ವೇರಿಯಬಲ್ ಯಾವುದಕ್ಕೆ, ಯಾರು ಅಳೆಯುತ್ತಾರೆ, ಯಾವ ತಿಂಗಳು ಕೊಡುತ್ತಾರೆ ಎಂದು ಬರೆಯದಿದ್ದರೆ ಅದನ್ನು ನಾನು ಸೊನ್ನೆ ಎಂದೇ ಎಣಿಸುತ್ತೇನೆ.

ಕರಾವಳಿಯಿಂದ ದುಬೈನ ಜೆಬೆಲ್ ಅಲಿಗೆ ಹೋಗುವವರು ಬೇಸಿಕ್ ಎಷ್ಟು ಎಂಬುದನ್ನೇ ಮೊದಲು ಕೇಳಬೇಕು. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್. ಒಟ್ಟು 6,000 ದಿರ್ಹಮ್‌ನಲ್ಲಿ ಬೇಸಿಕ್ 2,400 ಎಂದಿದ್ದರೆ ಐದು ವರ್ಷಕ್ಕೆ 8,400 ದಿರ್ಹಮ್. ಅದೇ 3,600 ಇದ್ದರೆ 12,600. ಒಟ್ಟು ಮೊತ್ತ ಎರಡರಲ್ಲೂ ಒಂದೇ.

ಇನ್‌ಕ್ರಿಮೆಂಟ್ ಮಾತಿಗೆ ಕೂರುವ ಮೊದಲು ನಾನು ಎಲ್ಲರಿಗೂ ಇಡಿಸುವುದು ಒಂದು ಎಕ್ಸೆಲ್ ಹಾಳೆ. ಶಿಪ್ಪಿಂಗ್ ಬಿಲ್ ನಂಬರ್, ಲೆಟ್ ಎಕ್ಸ್‌ಪೋರ್ಟ್ ದಿನಾಂಕ, ಬಿಎಲ್ ದಿನಾಂಕ, ಬ್ಯಾಂಕಿಗೆ ಕೊಟ್ಟ ದಿನ, ಡಿಸ್ಕ್ರೆಪೆನ್ಸಿ ಬಂತೇ ಇಲ್ಲವೇ, ದುಡ್ಡು ಬಂದ ದಿನ, ರೋಡ್‌ಟೆಪ್ ಅಥವಾ ಡ್ರಾಬ್ಯಾಕ್ (ಮರಳಿ ಸಿಗುವ ಸುಂಕ) ಜಮೆಯಾದ ದಿನ. ಖರೀದಿದಾರನ ಹೆಸರು, ದರ ಬರೆಯುವುದು ಬೇಡ. ಅದು ಕಚೇರಿಯ ಸ್ವತ್ತು. ಎರಡು ತಿಂಗಳಾದರೂ ಜಮೆಯಾಗದ ಸಾಲಿಗೆ ಕೆಂಪು ಬಣ್ಣ ಹಾಕಿ, ಹಿಂದೆ ಬಿದ್ದು ತರಿಸಿದ ಮೇಲೆ ಹಸಿರು ಮಾಡಿ. ವರ್ಷದ ಕೊನೆಯಲ್ಲಿ ಹಸಿರಾದ ಸಾಲುಗಳ ಮೊತ್ತ ಕೂಡಿಸಿ, ಆ ಒಂದು ಹಾಳೆಯನ್ನು ಪ್ರಿಂಟ್ ತೆಗೆದುಕೊಂಡು ಹೋಗಿ.