ಅಣ್ಣೆ ಹೂವಿಗೂ ಒಂದು ಗುಂಟೆ: ಹೊಲದ ಹೂ ಬೆಳೆದು ಮಾರುವುದು ಹೇಗೆ?

ಮುಂಗಾರು ಮುಗಿಯುವ ಹೊತ್ತಿಗೆ ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ ಹೊಲಗಳಲ್ಲಿ ಅಣ್ಣೆ ಹೂ ಎದ್ದು ನಿಲ್ಲುತ್ತದೆ. ತುದಿ ಗುಲಾಬಿ, ಬುಡ ಬೆಳ್ಳಿ. ಶೇಂಗಾ ಸಾಲಿನಲ್ಲಿ ಕಂಡರೆ ಕಳೆ ಅಂತ ಕಿತ್ತು ಬದುವಿಗೆ ಎಸೆಯುತ್ತೇವೆ. ದೀಪಾವಳಿ ಬಂದರೆ ಸಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟಿ ಲಕ್ಕವ್ವನಿಗೆ ಮುಡಿಸಲು ಅದನ್ನೇ ಹುಡುಕಿಕೊಂಡು ಹೋಗುತ್ತೇವೆ. ಈ ಹೂವನ್ನು ಹೂದಾನಿಗೆ, ಬೊಕೆಗೆ, ಮದುವೆ ಮಂಟಪಕ್ಕೆ ಅಂತಲೇ ಬೆಳೆಯಬಹುದು. ಒಣಗಿದ ಮೇಲೂ ಮಾರಬಹುದು, ಅದೇ ಇದರ ದೊಡ್ಡ ಗುಣ.

ಬದುವಿನ ಮೇಲೆ ತಾನಾಗಿ ಬೆಳೆದದ್ದನ್ನು ಕೊಯ್ದು ತಂದರೆ ಸಾಲದು. ಒಂದು ಕಡ್ಡಿ ಗೇಣುದ್ದ, ಇನ್ನೊಂದು ಮೊಳದುದ್ದ, ಮತ್ತೊಂದು ಸೊಟ್ಟ. ಹೂದಾನಿಯ ಹೂವಿಗೆ ಬೆಲೆ ಬರುವುದೇ ಕಡ್ಡಿಯಿಂದ. ನೇರವಾದ, ಒಂದೇ ಅಳತೆಯ ಕಡ್ಡಿ ಬೇಕಾದರೆ ಬೆಳೆಯಾಗಿಯೇ ಬೆಳೆಯಬೇಕು.

ಬೀಜ ಮತ್ತು ಸಸಿ

ಬೀಜ ನಿಮ್ಮ ಹೊಲದ್ದೇ ಸಾಕು. ಉದ್ದ ಕಡ್ಡಿ, ಒಳ್ಳೆ ಬಣ್ಣ ಇರುವ ಗಿಡಗಳನ್ನು ಗುರುತು ಮಾಡಿಕೊಂಡು ಅವುಗಳಿಂದಲೇ ತೆಗೆದುಕೊಳ್ಳಿ. ಜೋಗಿಮಟ್ಟಿ, ರಂಗಯ್ಯನದುರ್ಗ ವನ್ಯಜೀವಿ ಧಾಮಗಳು. ಅಲ್ಲಿಂದ ಗಿಡ, ಬೀಜ ಏನನ್ನೂ ತರಬೇಡಿ. ಕಾನೂನು ಬಿಡುವುದಿಲ್ಲ, ಬಿಟ್ಟರೂ ತರಬಾರದು.

ಬಿತ್ತಿದ ಸುಮಾರು 3 ತಿಂಗಳಿಗೆ ಹೂ ಸಿಗುತ್ತದೆ. ದೀಪಾವಳಿ ಮಾರುಕಟ್ಟೆ ಹಿಡಿಯಬೇಕಾದರೆ ಜುಲೈನಲ್ಲಿ ಬಿತ್ತಿ. ಬೀಜ ತುಂಬಾ ಸಣ್ಣ, ಒಣ ಮರಳಿನ ಜೊತೆ ಕಲಸಿದರೆ ಸಮನಾಗಿ ಬೀಳುತ್ತದೆ. ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ ಬಿತ್ತಿ, ಮೇಲೆ ತೆಳ್ಳಗೆ ಮುಚ್ಚಿ. ನೀರು ಜಾಸ್ತಿಯಾದರೆ ಸಸಿಯ ಬುಡ ಕೊಳೆಯುತ್ತದೆ.

3-4 ವಾರಕ್ಕೆ ನಾಟಿ ಆಗಲೇಬೇಕು. ಮಳೆ ಬರಲಿ ಅಂತ ಸಸಿಯನ್ನು ಟ್ರೇಯಲ್ಲೇ ಉಳಿಸಿಕೊಂಡರೆ ಬೇರಿಗೆ ಜಾಗ ಸಾಲದೆ, ಗಿಡ ಗೇಣುದ್ದ ಇರುವಾಗಲೇ ಹೂ ಬಿಟ್ಟುಬಿಡುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಕಡ್ಡಿ ಉದ್ದವಾಗುವುದಿಲ್ಲ.

ನಾಟಿ

ಮೊದಲ ವರ್ಷ ಒಂದೇ ಗುಂಟೆ ಮಾಡಿ. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 20 ಸೆಂ.ಮೀ. ಇಟ್ಟರೆ, ಓಡಾಡಲು ದಾರಿ ಬಿಟ್ಟೂ 1,500ಕ್ಕೆ ಕಡಿಮೆ ಇಲ್ಲದಷ್ಟು ಗಿಡ ಕೂರುತ್ತವೆ. ಒತ್ತಾಗಿದ್ದರೆ ಗಿಡ ಬೆಳಕಿಗಾಗಿ ನೇರ ಮೇಲೇಳುತ್ತದೆ. ಕುಡಿ ಚಿವುಟದಿದ್ದರೆ ನಡುವೆ ಒಂದು ದಪ್ಪ ಹೂ ಬರುತ್ತದೆ. ಗೇಣುದ್ದ ಆದಾಗ ಚಿವುಟಿದರೆ ನಾಲ್ಕೈದು ತೆಳ್ಳನೆ ಕಡ್ಡಿ ಬರುತ್ತವೆ. ಬೊಕೆಗೆ ತೆಳ್ಳನೆಯದೇ ವಾಸಿ. ಚಿವುಟುವುದಾದರೆ ಅಂತರ 30 ಸೆಂ.ಮೀ. ಇರಲಿ. ಯೂರಿಯಾ ಸುರಿಯಬೇಡಿ, ಸೊಪ್ಪು ಹೆಚ್ಚಿ ಗಿಡ ಬಾಗುತ್ತದೆ. ಕೊಟ್ಟಿಗೆ ಗೊಬ್ಬರ ಸಾಕು.

ಕೊಯ್ಲು

ಲಾಭ ನಷ್ಟ ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಹೂವಿನ ತೆನೆಯನ್ನು ಅಂಗೈ ಮೇಲೆ ಬಗ್ಗಿಸಿ ಮೆಲ್ಲಗೆ ತಟ್ಟಿ ನೋಡಿ. ಹೊಳೆಯುವ ಕರಿ ಬೀಜ ಉದುರಿದರೆ ತಡವಾಯಿತು ಅಂತಲೇ ಅರ್ಥ. ಬುಡ ಬೆಳ್ಳಗಾಗಿ, ತುದಿಯಲ್ಲಿ ಇನ್ನೂ ಗುಲಾಬಿ ಇರುವಾಗ ಕೊಯ್ಯಿರಿ. ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ದು ತಕ್ಷಣ ಶುದ್ಧ ನೀರಿನ ಬಕೆಟ್‌ಗೆ ಇಳಿಸಿ. ಕೆಳಗಿನ ಎಲೆಗಳನ್ನು ಸವರಿ ತೆಗೆಯಿರಿ, ಹೂವಿಗಿಂತ ಮೊದಲು ಬಾಡುವುದು ಎಲೆ. ಒದ್ದೆ ತೆನೆಗಳನ್ನು ಒತ್ತಿ ಕಟ್ಟಿದರೆ ಬೂಸ್ಟು ಬರುತ್ತದೆ.

ಬೀಜ ಉದುರುವ ಮುಂಚೆ ಕೊಯ್ಯಲು ಇನ್ನೊಂದು ಕಾರಣವೂ ಇದೆ. ಒಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ನಿಮ್ಮ ಬೆಳೆ ಪಕ್ಕದ ಹೊಲದವರಿಗೆ ಕಳೆಯಾಗಬಾರದು ಅಲ್ವಾ? ಉಳಿದ ಗಿಡಗಳನ್ನೂ ಬೀಜ ಬಲಿಯುವ ಮೊದಲೇ ಕಿತ್ತುಬಿಡಿ.

ಒಣಗಿಸುವುದಾದರೆ ಎಲೆ ಪೂರ್ತಿ ತೆಗೆದು, ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್ ಹಾಕಿ. ಒಣಗಿದಂತೆ ಕಡ್ಡಿ ಸಣ್ಣಗಾಗುತ್ತದೆ, ದಾರ ಕಟ್ಟಿದರೆ ಜಾರಿ ಬೀಳುತ್ತದೆ. ಗಾಳಿಯಾಡುವ ಕತ್ತಲೆ ಕೋಣೆಯಲ್ಲಿ 2-3 ವಾರ ತಲೆಕೆಳಗಾಗಿ ತೂಗುಹಾಕಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಕೆಳಗೊಂದು ಬಟ್ಟೆ ಹಾಸಿಡಿ, ಬೀಜ ಉದುರಿದರೆ ಅದರ ಮೇಲೇ ಬೀಳಲಿ.

ಮಾರಾಟ

ನಾಟಿಗೆ ಮುಂಚೆಯೇ ಗಿರಾಕಿ ಗೊತ್ತಿರಬೇಕು. ಹಿಂದಿನ ವರ್ಷವೇ ಬದುವಿನ ಹೂವಿನಲ್ಲಿ ಒಳ್ಳೆಯದನ್ನು ಆರಿಸಿ, ಎರಡು ಮೂರು ಕಟ್ಟು ಮಾಡಿ, ದಾವಣಗೆರೆಯ ಬೊಕೆ ಅಂಗಡಿ, ಡೆಕೊರೇಷನ್‌ನವರಿಗೆ ತೋರಿಸಿ. ಎಷ್ಟು ಉದ್ದ ಬೇಕು, ಯಾವ ತಿಂಗಳು ಬೇಕು ಕೇಳಿ ಬರೆದುಕೊಳ್ಳಿ. ತೂಕಕ್ಕೆ ಮಾತ್ರ ಕೊಡಬೇಡಿ. ಈ ಹೂ ಹಗುರ, ಒಣಗಿದ ಮೇಲಂತೂ ತೂಕವೇ ಇರುವುದಿಲ್ಲ. ಹತ್ತು ಕಡ್ಡಿಯ ಕಟ್ಟಿಗೆ ಇಷ್ಟು ಅಂತ ಮಾತಾಡಿ. ಹಬ್ಬಕ್ಕೆ ತಾಜಾ ಕೊಡಿ, ಬೆಲೆ ಬಿದ್ದ ದಿನ ಉಳಿದದ್ದನ್ನು ಒಣಗಲು ಹಾಕಿ. ಸಸಿ, ರೋಗದ ಬಗ್ಗೆ ಕೇಳಲು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇವೆ.

ಅಣ್ಣೆ ಕೈಹಿಡಿದರೆ ಗೌರಿ ಹೂ (ಅಗ್ನಿಶಿಖೆ) ನೋಡಬಹುದು. ಅದು ಬಳ್ಳಿ, ಚಪ್ಪರ ಬೇಕು. ಗಡ್ಡೆಯ ತುದಿ ಮುರಿದರೆ ಮೊಳಕೆ ಬರುವುದಿಲ್ಲ. ಗಿಡಪೂರ್ತಿ ವಿಷ, ಗಡ್ಡೆಯಲ್ಲಂತೂ ಜೀವಕ್ಕೇ ಅಪಾಯವಾಗುವಷ್ಟು. ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಮಕ್ಕಳು, ದನಕರು ಓಡಾಡುವ ಹಿತ್ತಲಿನಲ್ಲಿ ಬೆಳೆಯಲೇಬೇಡಿ.